ಕೆನೆತ್ ಆಂಡರ್ಸನ್ ಮತ್ತು ನೀಲಿ ನಳಿಗೆಯ ಆ ವಿಂಚೆಸ್ಟರ್

ಹುಬ್ಬಳ್ಳಿ: ಕನ್ನಡದ ಓದುಗರಿಗೆ ಕೆನೆತ್ ಆಂಡರ್ಸನ್ ಎಂಬ ಹೆಸರು ಅಪರಿಚಿತವೇನಲ್ಲ. ಪೂರ್ಣಚಂದ್ರ ತೇಜಸ್ವಿ ಅವರ ‘ಕಾಡಿನ ಕಥೆಗಳು’ ಮಾಲೆಯ ಮೂಲಕ ಬೆಂಗಳೂರಿನ ಈ ಶಿಕಾರಿ ಬೀದರಿನಿಂದ ಚಾಮರಾಜನಗರದವರೆಗೆ ಮನೆಮಾತಾದರು. ಇಂಗ್ಲಿಷ್ ಪುಸ್ತಕವನ್ನು ಕಣ್ಣಿಂದಲೂ ಕಾಣದವರು ಜಾಲಹಳ್ಳಿಯ ಚಿರತೆಯ ಕಥೆಯನ್ನೂ ಮಾಗಡಿಯ ಮುನಿಶಾಮಿಯ ಕಥೆಯನ್ನೂ ನಿನ್ನೆ ನಡೆದಂತೆ ಹೇಳಬಲ್ಲರು.

ಆ ಕಥೆಗಳಲ್ಲಿ ಮಾತನಾಡದ ಪಾತ್ರವೊಂದಿದೆ. ಅದು .405 ವಿಂಚೆಸ್ಟರ್ ಬಂದೂಕು. ಹುಲಿ ಬದಲಾಗುತ್ತದೆ, ಹಳ್ಳಿ ಬದಲಾಗುತ್ತದೆ, ಜೊತೆಗಾರರು ಬದಲಾಗುತ್ತಾರೆ. ಬಂದೂಕು ಮಾತ್ರ ಬಹುಮಟ್ಟಿಗೆ ಅದೇ. ಟ್ರಿಗರ್ ಕಾಪಿನ ಕೆಳಗಿರುವ ಲಿವರನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಗೆ, ಹೊಸ ತೋಟಾ ಒಳಗೆ. ಅಮೆರಿಕದ ಬಯಲುಸೀಮೆಗೆಂದು ಬೆಳೆದುಬಂದ ಈ ಪದ್ಧತಿಯ ಬಂದೂಕು ನಮ್ಮ ಮಲೆನಾಡಿನ ಬಿದಿರು ಮೆಳೆಗಳ ನಡುವೆ ಹೆಸರು ಮಾಡಿದ್ದು ಒಂದು ಸೋಜಿಗ. ಅದರ ಉಕ್ಕಿನ ಮೈಮೇಲೆ ಕಾರ್ಖಾನೆಯವರು ಬಿಡಿಸಿದ ನೀಲಿಗಪ್ಪು ಬಣ್ಣದ ಕಥೆ ಇನ್ನೂ ಸೋಜಿಗದ್ದು. ಆಂಡರ್ಸನ್ ಅವರ ಬದುಕನ್ನು ಆ ಬಂದೂಕಿನ ಜೊತೆಗಿಟ್ಟು ನೋಡಿದರೆ ಶಿಕಾರಿ ಕಥೆಗಳಲ್ಲಿ ಕಾಣದ ಕೆಲವು ಸಂಗತಿಗಳು ಕಾಣುತ್ತವೆ.

ಬೊಲಾರಂನಿಂದ ಬೆಂಗಳೂರಿಗೆ

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಸಿಕಂದರಾಬಾದ್ ಸಮೀಪದ ಬೊಲಾರಂನಲ್ಲಿ. ಅವರದು ತಲೆಮಾರುಗಳಿಂದ ಭಾರತದಲ್ಲೇ ನೆಲೆ ನಿಂತ ಸ್ಕಾಟಿಷ್ ಮನೆತನ. ತಂದೆ ಸೇನೆಯ ಲೆಕ್ಕಪತ್ರ ವಿಭಾಗದಲ್ಲಿ ಅಧಿಕಾರಿಯಾಗಿದ್ದರು. ಬಾಲಕ ಬೆಳೆದದ್ದು ಬೆಂಗಳೂರಿನಲ್ಲಿ. ಬಿಷಪ್ ಕಾಟನ್ ಬಾಲಕರ ಶಾಲೆ ಹಾಗೂ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಓದು ನಡೆಯಿತು. ಕಾನೂನು ಕಲಿಯಲೆಂದು ಮನೆಯವರು ಎಡಿನ್‌ಬರೋಗೆ ಕಳುಹಿಸಿದರು. ಆ ವ್ಯಾಸಂಗ ಅರ್ಧಕ್ಕೇ ನಿಂತಿತು. ಪೂರ್ವಜರ ನಾಡು ಅವರನ್ನು ಹಿಡಿದಿಡಲಿಲ್ಲ. ಹುಟ್ಟಿದ ನಾಡು ವಾಪಸು ಕರೆಸಿಕೊಂಡಿತು.

ಹಿಂದಿರುಗಿದ ಮೇಲೆ ಸುಮಾರು 15 ವರ್ಷ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ದುಡಿದರು. ತರುವಾಯ ಬೆಂಗಳೂರಿನ ವಿಮಾನ ಕಾರ್ಖಾನೆಗೆ ಸೇರಿದರು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಕಾರದೊಡನೆ ಆರಂಭಿಸಿದ ಆ ಕಾರ್ಖಾನೆಯೇ ಮುಂದೆ ಎಚ್‌ಎಎಲ್ ಆಯಿತು. ಅಲ್ಲಿ ಆಂಡರ್ಸನ್ ಯೋಜನಾ ವಿಭಾಗದ ಮ್ಯಾನೇಜರ್ ಹುದ್ದೆಗೇರಿದರು.

ಅಂದರೆ ಅವರು ರಾಜರ ಆಸ್ಥಾನದ ಶಿಕಾರಿಯಲ್ಲ, ಅರಣ್ಯ ಇಲಾಖೆಯ ನೌಕರರೂ ಅಲ್ಲ. ತಿಂಗಳ ಸಂಬಳದ ಮನುಷ್ಯ. ರಜೆ ಸಿಕ್ಕಾಗ, ಇಲ್ಲವೇ ಹಳ್ಳಿಯೊಂದರಿಂದ ಕರೆ ಬಂದಾಗ ಕಾಡಿಗೆ ಹೊರಟವರು. ರಜೆ ಮುಗಿದುಹೋಯಿತೆಂದು ನರಭಕ್ಷಕವನ್ನು ಬಿಟ್ಟು ಬೆಂಗಳೂರಿಗೆ ಮರಳುವ ಸಂಕಟ ಅವರ ಕಥೆಗಳಲ್ಲಿ ಆಗಾಗ ಬರುತ್ತದೆ. ನಗರದ ಉದ್ಯೋಗಸ್ಥ ಓದುಗರಿಗೆ ಅವರು ಹತ್ತಿರದವರೆನಿಸಲು ಇದೂ ಒಂದು ಕಾರಣವಿರಬಹುದು.

ಕಾಡಿನ ಪಾಠವನ್ನು ಅವರು ಕಲಿತದ್ದು ಕಾಡಿನವರಿಂದಲೇ. ಬೈರ ಎಂಬ ಪೂಜಾರಿ ಬುಡಕಟ್ಟಿನ ಬೇಟೆಗಾರ, ರಂಗ ಎಂಬ ಒಡನಾಡಿ ಅವರ ಬರಹಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ಹೆಜ್ಜೆ ಗುರುತು ಓದುವುದು, ಕಡವೆಯ ಕೂಗಿನಿಂದ ಹುಲಿಯ ಜಾಡು ತಿಳಿಯುವುದು ಇವೆಲ್ಲ ಅಂಥವರ ಪಾಠಶಾಲೆಯಲ್ಲಿ ಕಲಿತದ್ದು. ಮೊದಲ ಪುಸ್ತಕದಲ್ಲಿ ಬೈರನಿಗಾಗಿಯೇ ಒಂದು ಅಧ್ಯಾಯವನ್ನು ಅವರು ಮೀಸಲಿಟ್ಟಿರುವುದು ಗಮನಾರ್ಹ.

ಲಿವರ್ ಬಂದೂಕಿನ ಹುಟ್ಟು

ಆ ಬಂದೂಕಿನ ಮೂಲ ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂಹೇವನ್ ಪಟ್ಟಣ. ಅಲ್ಲಿನ ವಿಂಚೆಸ್ಟರ್ ಕಂಪನಿಗೆ ಜಾನ್ ಬ್ರೌನಿಂಗ್ ಎಂಬ ಪ್ರಖ್ಯಾತ ಶಸ್ತ್ರವಿನ್ಯಾಸಕ ರೂಪಿಸಿಕೊಟ್ಟ ಲಿವರ್ ಬಂದೂಕುಗಳಲ್ಲಿ ಕೊನೆಯದು 1895ರ ಮಾದರಿ. ಅದಕ್ಕೂ ಹಿಂದಿನ ಲಿವರ್ ಬಂದೂಕುಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಸಾಲಾಗಿ ಮಲಗುತ್ತಿದ್ದವು. ಚೂಪು ಮೂತಿಯ ಗುಂಡು ಮುಂದಿನ ತೋಟಾದ ಕೇಪನ್ನು ಕುಟ್ಟಿ ಸಿಡಿಸಬಹುದೆಂಬ ಭಯದಿಂದ ಮೊಂಡು ಗುಂಡುಗಳನ್ನೇ ಬಳಸಬೇಕಿತ್ತು. 1895ರ ಮಾದರಿಯಲ್ಲಿ ತೋಟಾಗಳು ಲಿವರಿನ ಮುಂದಿನ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಕೂರುತ್ತವೆ. ಆದ್ದರಿಂದ ಹೊಗೆರಹಿತ ಮದ್ದಿನ ಬಲವಾದ ತೋಟಾಗಳಿಗೆ ಅದು ಹೊಂದಿಕೊಂಡಿತು.

1904ರಲ್ಲಿ ಇದೇ ಬಂದೂಕಿಗೆಂದು .405 ತೋಟಾ ಬಂತು. 300 ಗ್ರೇನ್, ಅಂದರೆ ಸುಮಾರು 19 ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 2,200 ಅಡಿ ವೇಗದಲ್ಲಿ ಚಿಮ್ಮುತ್ತಿತ್ತು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಬೇಟೆಗೆ ಹೋದಾಗ ಸಿಂಹಗಳಿಗಾಗಿ ಇದನ್ನೇ ಒಯ್ದರು. ಅಲ್ಲಿಂದ ಅದರ ಕೀರ್ತಿ ಹಬ್ಬಿತು. ಹಿಂದೊದೆತ ಮಾತ್ರ ಜೋರು. ಹಿಡಿಯ ತುದಿಗೆ ಅರ್ಧಚಂದ್ರಾಕಾರದ ಉಕ್ಕಿನ ಪಟ್ಟಿಯಿದ್ದ ಬಂದೂಕುಗಳಂತೂ ಭುಜಕ್ಕೆ ನೋವುಣಿಸದೆ ಬಿಡುತ್ತಿರಲಿಲ್ಲ.

ಈ ಮಾದರಿಯ ಸುಮಾರು 4.25 ಲಕ್ಷ ಬಂದೂಕುಗಳು ತಯಾರಾದವು. ಅವುಗಳಲ್ಲಿ 2.9 ಲಕ್ಷಕ್ಕೂ ಹೆಚ್ಚು ಮೊದಲ ಮಹಾಯುದ್ಧದ ಕಾಲದಲ್ಲಿ ರಷ್ಯದ ಸೇನೆಯ ಪಾಲಾದವು. 1930ರ ದಶಕದ ಆರಂಭದಲ್ಲಿ ತಯಾರಿಕೆಯೇ ನಿಂತುಹೋಯಿತು. ಆಂಡರ್ಸನ್ ಅವರ ಹೆಸರಾಂತ ಬೇಟೆಗಳು ನಡೆದದ್ದು ಬಹುಪಾಲು ಅದರ ನಂತರ. ಎಂದರೆ, ಕಾರ್ಖಾನೆ ಕೈಬಿಟ್ಟ ಮಾದರಿಯೊಂದನ್ನು ನೆಚ್ಚಿಕೊಂಡೇ ಅವರು ದಶಕಗಳ ಕಾಲ ಕಾಡು ಸುತ್ತಿದರು.

ನೀಲಿ ಎಂದರೇನು?

ಹಳೆಯ ಬಂದೂಕಿನ ನಳಿಗೆ ನೀಲಿಗಪ್ಪಾಗಿ ಕಾಣುವುದನ್ನು ಎಲ್ಲರೂ ನೋಡಿದ್ದಾರೆ. ಹಲವರು ಅದನ್ನು ಬಣ್ಣ ಎಂದೇ ತಿಳಿದಿದ್ದಾರೆ. ವಾಸ್ತವವಾಗಿ ಅದು ಬಳಿದ ಬಣ್ಣವಲ್ಲ, ಉಕ್ಕಿನದೇ ಒಂದು ಬಗೆಯ ತುಕ್ಕು!

ಕಬ್ಬಿಣ ಗಾಳಿಯೊಡನೆ ಸೇರಿ ಎರಡು ಮುಖ್ಯ ರೂಪ ತಾಳುತ್ತದೆ. ಒದ್ದೆಯಾಗಿಯೇ ಬಿಟ್ಟ ಈಳಿಗೆಯ ಮೇಲೆ ಬೆಳಗಾಗುವಷ್ಟರಲ್ಲಿ ಕಾಣುವ ಕೆಂಪು ತುಕ್ಕು ಮೊದಲನೆಯದು. ಅದು ಪುಡಿಪುಡಿಯಾಗಿ ಉದುರುತ್ತ ಒಳಗಿನ ಲೋಹವನ್ನು ಮತ್ತಷ್ಟು ತಿನ್ನುತ್ತದೆ. ಎರಡನೆಯದು ಮ್ಯಾಗ್ನಟೈಟ್ ಎಂಬ ಕಪ್ಪು ಆಕ್ಸೈಡ್. ಅದು ಉಕ್ಕಿಗೆ ಕಚ್ಚಿಕೊಂಡು ತೆಳು ಪದರವಾಗಿ ನಿಲ್ಲುತ್ತದೆ, ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೆಂಪು ತುಕ್ಕನ್ನು ತಡವಾಗಿಸುತ್ತದೆ. ಈ ಎರಡನೆಯ ಪದರವನ್ನು ಬೇಕೆಂದೇ ಬೆಳೆಸುವ ಕೆಲಸಕ್ಕೆ ಬ್ಲೂಯಿಂಗ್ ಎಂದು ಹೆಸರು. ಇದರಿಂದ ಇನ್ನೊಂದು ಪ್ರಯೋಜನವೂ ಉಂಟು. ಬೆಳ್ಳಗೆ ಹೊಳೆಯುವ ಉಕ್ಕು ಬಿಸಿಲಿನಲ್ಲೋ ಬೆಳದಿಂಗಳಿನಲ್ಲೋ ಮಿಂಚಿ ಬೇಟೆಗಾರನ ಇರವನ್ನು ಸಾರಿಬಿಡುತ್ತದೆ. ನೀಲಿಗಪ್ಪು ಮೈ ಆ ಹೊಳಪನ್ನು ತಗ್ಗಿಸುತ್ತದೆ.

ವಿಂಚೆಸ್ಟರ್ ಕಾರ್ಖಾನೆಯಲ್ಲಿ ಆ ಕಾಲದಲ್ಲಿ ಒಂದೇ ಬಂದೂಕಿನ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ವಿಧಾನ ಅನುಸರಿಸುತ್ತಿದ್ದರು. ನಳಿಗೆಗೆ ನಿಧಾನದ ಕ್ರಮ. ಮೊದಲು ಉಕ್ಕನ್ನು ನುಣುಪುಗೊಳಿಸಿ, ಎಣ್ಣೆಯ ಜಿಡ್ಡು ಚೂರೂ ಇಲ್ಲದಂತೆ ತೊಳೆದು, ಆಮ್ಲದ ದ್ರಾವಣ ಸವರಿ, ತೇವವಿರುವ ಜಾಗದಲ್ಲಿ ಇಡುತ್ತಿದ್ದರು. ಮೈತುಂಬ ಕೆಂದೂಳಿನಂತೆ ತುಕ್ಕು ಏಳುತ್ತಿತ್ತು. ಅನಂತರ ನಳಿಗೆಯನ್ನು ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಕೆಂಪು ಕಪ್ಪಾಗುತ್ತಿತ್ತು. ತಂತಿ ಬ್ರಷ್ಷಿನಿಂದ ಸಡಿಲ ಪುಡಿಯನ್ನು ಉಜ್ಜಿ ತೆಗೆದು ಮತ್ತೆ ದ್ರಾವಣ, ಮತ್ತೆ ತೇವ, ಮತ್ತೆ ಕುದಿ. ಹೀಗೆ ಹಲವು ಸುತ್ತುಗಳಾದ ಬಳಿಕ ಮಿರುಗದ, ರೇಷ್ಮೆಯಂಥ ಗಾಢ ನೀಲಿ ನೆಲೆಗೊಳ್ಳುತ್ತಿತ್ತು. ಕೆಲಸಗಾರನ ಬೆವರಿನ ಕೈ ಒಮ್ಮೆ ತಾಗಿದರೂ ಕಲೆ ಉಳಿಯುತ್ತಿದ್ದ ಕಾರಣ ಇದು ತಾಳ್ಮೆಯ ಕೆಲಸ.

ಯಂತ್ರಭಾಗಗಳನ್ನು ಒಳಗೊಂಡ ರಿಸೀವರ್ ಎಂಬ ನಡುಪೆಟ್ಟಿಗೆಗೆ ಕುಲುಮೆಯ ಕ್ರಮ. ನುಣುಪುಗೊಳಿಸಿದ ಉಕ್ಕನ್ನು ಇದ್ದಲಿನ ಜೊತೆ ಹದವಾಗಿ ಕಾಯಿಸಿದರೆ ಮೈಬಣ್ಣ ಒಣಹುಲ್ಲಿನ ಹಳದಿಯಿಂದ ನೇರಳೆಗೆ, ನೇರಳೆಯಿಂದ ನೀಲಿಗೆ ತಿರುಗುತ್ತದೆ. ನಮ್ಮ ಕಮ್ಮಾರರು ಉಳಿಗೆ ಹದ ಕೊಡುವಾಗ ನೋಡುವ ಬಣ್ಣಗಳೂ ಇವೇ. ಹಳೆಯ ಗಡಿಯಾರದ ಸ್ಪ್ರಿಂಗಿನ ನೀಲಿಯೂ ಹೀಗೆಯೇ ಬಂದದ್ದು. ಈ ನೀಲಿ ನೋಡಲು ಹೆಚ್ಚು ಹೊಳಪು, ಹೆಚ್ಚು ಚೆಲುವು. ಆದರೆ ನಳಿಗೆಯ ನೀಲಿಗೆ ಹೋಲಿಸಿದರೆ ಬಾಳಿಕೆ ಕಡಿಮೆ. ಲಿವರ್ ಬಂದೂಕನ್ನು ಒಂಟಿ ಕೈಯಲ್ಲಿ ಹೊತ್ತು ನಡೆಯುವವರು ಹಿಡಿಯುವುದು ಸಾಮಾನ್ಯವಾಗಿ ಈ ನಡುಭಾಗವನ್ನೇ. ಹಾಗಾಗಿ ಮೊದಲು ಬೂದಿಬಣ್ಣಕ್ಕೆ ತಿರುಗುವುದೂ ಅದೇ.

1930ರ ದಶಕದ ಕೊನೆಗೆ ಈ ಎರಡೂ ಕ್ರಮಗಳು ಹಿಂದೆ ಸರಿದವು. ಕಾಸ್ಟಿಕ್ ಸೋಡ ಮತ್ತು ನೈಟ್ರೇಟ್ ಬೆರೆತ, ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಲವಣದ ತೊಟ್ಟಿಯಲ್ಲಿ ಮುಳುಗಿಸಿ ತೆಗೆದರೆ ಕೆಲವೇ ನಿಮಿಷಗಳಲ್ಲಿ ಎಲ್ಲ ಭಾಗಗಳೂ ಒಂದೇ ಸಮನಾಗಿ ಕಪ್ಪಾಗುವ ವಿಧಾನ ಬಂತು. ದಿನಗಟ್ಟಲೆಯ ಕೆಲಸ ಗಳಿಗೆಯದಾಯಿತು. ಆ ವೇಳೆಗೆ 1895ರ ಮಾದರಿಯ ತಯಾರಿಕೆ ನಿಂತಿತ್ತು. ಹೀಗಾಗಿ ಆ ಹಳೆಯ ಮಾದರಿಯ ಬಂದೂಕೊಂದರ ಮೈಯೆಲ್ಲ ಒಂದೇ ಬಗೆಯ ಕಡುಗಪ್ಪಾಗಿ ಹೊಳೆಯುತ್ತಿದ್ದರೆ ಅದು ಕಾರ್ಖಾನೆಯ ಮೂಲ ನೀಲಿಯಲ್ಲ, ಬಳಿಕ ಯಾರೋ ಮಾಡಿಸಿದ ಮರುಲೇಪ ಎಂದು ಬಲ್ಲವರು ಥಟ್ಟನೆ ಹೇಳುತ್ತಾರೆ.

ಮಳೆ, ಬೆವರು, ಉಪ್ಪು

ನ್ಯೂಹೇವನ್‌ನಲ್ಲಿ ಮೂಡಿದ ಈ ನೀಲಿಗೆ ನಮ್ಮ ಕಾಡು ಕಠಿಣ ಪರೀಕ್ಷೆ. ಮಲೆನಾಡಿನ ಮುಂಗಾರಿನಲ್ಲಿ ಗಾಳಿಯೇ ನೀರಾಗಿರುತ್ತದೆ. ಬೇಸಿಗೆಯಲ್ಲಿ ಅಂಗೈ ಬೆವರಿನ ಉಪ್ಪು ಉಕ್ಕನ್ನು ತಿನ್ನುತ್ತದೆ. ಮಚಾನಿನ ಮೇಲೆ ರಾತ್ರಿಯಿಡೀ ಕೂತರೆ ನಸುಕಿನ ಇಬ್ಬನಿ ನಳಿಗೆಯ ಮೇಲೆ ಹನಿಗಟ್ಟುತ್ತದೆ. ನೀಲಿ ಪದರ ಇವೆಲ್ಲವನ್ನೂ ತಡೆಯುವ ಕೋಟೆಯೇನಲ್ಲ. ಎಣ್ಣೆಯ ಬಟ್ಟೆಯಿಂದ ಒರೆಸದೆ ಬಿಟ್ಟರೆ ಅದರ ನಡುವೆಯೇ ಕೆಂಪು ಚುಕ್ಕೆಗಳು ಹುಟ್ಟುತ್ತವೆ.

ನಳಿಗೆಯ ಒಳಗಿನ ಅಪಾಯ ಇನ್ನೂ ದೊಡ್ಡದು. ಅಲ್ಲಿ ನೀಲಿಯ ರಕ್ಷಣೆಯಿಲ್ಲ. ಹಳೆಯ ಕಾಲದ ತೋಟಾಗಳ ಕೇಪಿನ ರಾಸಾಯನಿಕ ಉರಿದ ಮೇಲೆ ನಳಿಗೆಯೊಳಗೆ ಒಂದು ಬಗೆಯ ಉಪ್ಪು ಉಳಿಯುತ್ತಿತ್ತು. ಅದು ಗಾಳಿಯ ತೇವ ಹೀರಿ ಒಂದೆರಡು ದಿನಗಳಲ್ಲೇ ಒಳಮೈಯನ್ನು ತೂತು ತೂತು ಮಾಡಿಬಿಡುತ್ತಿತ್ತು. ಎಣ್ಣೆ ಆ ಉಪ್ಪನ್ನು ಕರಗಿಸದು. ಬಿಸಿನೀರು ಹಾಯಿಸಿ, ಒಣಗಿಸಿ, ಅನಂತರ ಎಣ್ಣೆ ಸವರಬೇಕು. ಹುಲಿ ಬಿದ್ದ ರಾತ್ರಿಯೂ ದಣಿದು ಮಲಗುವ ಮುನ್ನ ಬೇಟೆಗಾರನು ಮಾಡಲೇಬೇಕಾದ ಕೆಲಸ ಇದಾಗಿತ್ತು. ಕಥೆಗಳಲ್ಲಿ ಇದಕ್ಕೆ ಹೆಚ್ಚು ಜಾಗ ಸಿಗುವುದಿಲ್ಲ. ಆದರೆ ಮರುದಿನ ಬಂದೂಕು ಕೈಕೊಡದಿರಲು ಕಾರಣ ಈ ಸಣ್ಣ ಶಿಸ್ತೇ.

ಆಂಡರ್ಸನ್ ಅವರ ಬೇಟೆಯಲ್ಲಿ ಆ ಭರವಸೆ ಪ್ರಾಣದ ಪ್ರಶ್ನೆಯಾಗಿತ್ತು. ಅವರು ಹೆಚ್ಚಾಗಿ ಒಬ್ಬರೇ ಕೂರುತ್ತಿದ್ದವರು. ರಾತ್ರಿ ಬೇಟೆಗೆ ಬಂದೂಕಿಗೇ ಟಾರ್ಚ್ ಬಿಗಿಯುತ್ತಿದ್ದರು. ಬೆಳಕು ಹಾಯಿಸಿದ ಕ್ಷಣದಿಂದ ಗುಂಡು ಹಾರುವವರೆಗೆ ಇರುವ ಅವಧಿ ಒಂದೆರಡು ಸೆಕೆಂಡು. ಮೊದಲ ಗುಂಡು ತಪ್ಪಿದರೆ ಲಿವರ್ ಒಮ್ಮೆ ಆಡಿಸಿ ಎರಡನೆಯದನ್ನು ಹಾರಿಸಲು ಇನ್ನಷ್ಟೇ ಸಮಯ. ಜವಳಗಿರಿಯ ನರಭಕ್ಷಕ ಹೆಣ್ಣುಹುಲಿಯನ್ನು ಅವರು ಗಂಡುಹುಲಿಯ ಕೂಗನ್ನು ಅನುಕರಿಸಿ ತಮ್ಮತ್ತ ಕರೆಸಿಕೊಂಡರು. ಹಾಗೆ ಕರೆಸಿಕೊಂಡ ಮೇಲೆ ಬಂದೂಕು ಕೆಟ್ಟು ನಿಂತರೆ ಮುಂದಿನ ಮಾತೇ ಇರುತ್ತಿರಲಿಲ್ಲ.

ಹಳ್ಳಿಗಳ ಕರೆ

ದಾಖಲೆಗಳ ಲೆಕ್ಕದಂತೆ 1939ರಿಂದ 1966ರ ನಡುವೆ ಅವರು ಕೊಂದ ನರಭಕ್ಷಕಗಳು 8 ಚಿರತೆ, 7 ಹುಲಿ. ಅನಧಿಕೃತವಾಗಿ ಇದಕ್ಕಿಂತ ಹೆಚ್ಚೆಂಬ ಮಾತಿದೆ. ಅವರ ಬೇಟೆಯ ನಕ್ಷೆಯಲ್ಲಿ ಕನ್ನಡ ನಾಡಿನ ಊರುಗಳೇ ಸಾಲುಸಾಲಾಗಿವೆ: ಹೊಸದುರ್ಗ-ಹೊಳಲ್ಕೆರೆ ಸೀಮೆ, ಕಡೂರು ಬಳಿಯ ಎಮ್ಮೆದೊಡ್ಡಿ, ಶಿವಮೊಗ್ಗ ಜಿಲ್ಲೆಯ ಕಾಡುಗಳು, ತುಮಕೂರಿನ ದೇವರಾಯನದುರ್ಗ, ಮಾಗಡಿ. ಇಂದು ಬೆಂಗಳೂರಿನ ಬಡಾವಣೆಯಾಗಿರುವ ಜಾಲಹಳ್ಳಿ ಆಗ ಚಿರತೆ ಬರುವ ಹಳ್ಳಿಯಾಗಿತ್ತು ಎಂಬುದು ಇಂದಿನ ನಗರವಾಸಿಗಳಿಗೆ ನಂಬಲು ಕಷ್ಟ.

ಗಡಿಯಾಚೆಯ ಗುಮ್ಮಳಾಪುರದ ಚಿರತೆ 42 ಮಂದಿಯನ್ನು ಬಲಿ ತೆಗೆದುಕೊಂಡಿತ್ತು. ಹೊತ್ತು ಮುಳುಗುವ ಮುನ್ನವೇ ಆ ಸೀಮೆಯ ಹಳ್ಳಿಗಳಲ್ಲಿ ಬಾಗಿಲುಗಳು ಮುಚ್ಚುತ್ತಿದ್ದವು. ಅರಸೀಕೆರೆ ಕಡೆಯ ಕರಡಿಯೊಂದು ಕನಿಷ್ಠ 12 ಮಂದಿಯನ್ನು ಕೊಂದು, ಅದರ ಇಮ್ಮಡಿ ಜನರನ್ನು ಗಾಯಗೊಳಿಸಿತ್ತು. ಕರಡಿ ಮನುಷ್ಯರನ್ನು ತಿನ್ನುವ ಪ್ರಾಣಿಯಲ್ಲ. ಆದರೂ ಆ ಸೀಮೆಯ ಹೊಲಗಳಿಗೆ ಹೋಗಲು ಜನ ಹೆದರಿದ್ದರು. ಕೊನೆಗೆ ಅದನ್ನು ಮುಗಿಸಿದವರೂ ಆಂಡರ್ಸನ್ ಅವರೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬೇಟೆಯ ಕಲೆ ಬಲ್ಲ ಬೈರ, ರಂಗರಂಥ ಜನ ಹಳ್ಳಿ ಹಳ್ಳಿಗಳಲ್ಲಿ ಇದ್ದಾಗಲೂ ಬೆಂಗಳೂರಿನಿಂದ ಒಬ್ಬರು ಬರಬೇಕಾದ ಅಗತ್ಯವೇನಿತ್ತು? ಉತ್ತರ ಜಾಣ್ಮೆಯಲ್ಲಿಲ್ಲ, ಬಂದೂಕಿನಲ್ಲಿದೆ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯ ವಿರುದ್ಧ ಹಲಗಲಿಯ ಬೇಡರು ಸೆಟೆದು ನಿಂತು ಪ್ರಾಣ ತೆತ್ತ ಕಥೆ ಉತ್ತರ ಕರ್ನಾಟಕದ ಮಕ್ಕಳಿಗೂ ಗೊತ್ತು. 1878ರ ಆಯುಧ ಕಾಯ್ದೆಯು ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿ ಯುರೋಪಿಯನ್ನರಿಗೆ ವಿನಾಯಿತಿ ನೀಡಿತು. ಆ ಜನಾಂಗೀಯ ವಿನಾಯಿತಿ ಮುಂದೆ ರದ್ದಾದರೂ ಅದರ ಪರಿಣಾಮ ಉಳಿಯಿತು. ಬಡ ರೈತನ ಕೈಗೆ ಸಿಕ್ಕಿದ್ದು ಹೆಚ್ಚೆಂದರೆ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ಅಂಥ ಕೋವಿಯ ಚೂರುಗುಂಡು ತಗುಲಿದ ಹುಲಿ ಸಾಯುವುದಿಲ್ಲ, ಕುಂಟುತ್ತದೆ. ಕುಂಟು ಹುಲಿಗೆ ಜಿಂಕೆ ಸಿಗುವುದಿಲ್ಲ. ಅದು ದನದತ್ತ, ಬಳಿಕ ದನಗಾಹಿಯತ್ತ ತಿರುಗುತ್ತದೆ.

ಆಂಡರ್ಸನ್ ತಮ್ಮ ಬರಹಗಳಲ್ಲಿ ಈ ಕಾರಣವನ್ನು ಮರೆಮಾಚಲಿಲ್ಲ. ತಾವು ಕೊಂದ ಹಲವು ನರಭಕ್ಷಕಗಳ ಮೈಯಲ್ಲಿ ಹಳೆಯ ಗುಂಡಿನ ಗಾಯಗಳನ್ನೋ ಮುಳ್ಳುಹಂದಿಯ ಮುಳ್ಳುಗಳನ್ನೋ ಕಂಡುದಾಗಿ ಬರೆದರು. ಕ್ರೂರತನವು ಮೃಗದ ಹುಟ್ಟುಗುಣವಲ್ಲ, ಬಹಳ ಸಲ ಅದು ಮನುಷ್ಯನ ಅರೆಬರೆ ಬೇಟೆಯ ಫಲ ಎಂಬುದು ಅವರ ಕಥೆಗಳ ಒಟ್ಟು ತಾತ್ಪರ್ಯ. ಗಾಯಗೊಂಡ ಪ್ರಾಣಿಯನ್ನು ಹಾಗೆಯೇ ಬಿಟ್ಟು ಬರಬಾರದೆಂಬ ನಿಯಮವನ್ನು ಅವರು ಬೇಟೆಗಾರನ ಮೊದಲ ಧರ್ಮವೆಂದು ಭಾವಿಸಿದ್ದರು.

ಬರಹಗಾರ ಆಂಡರ್ಸನ್

ಜಿಮ್ ಕಾರ್ಬೆಟ್ ಅವರ ಕುಮಾವೂನಿನ ನರಭಕ್ಷಕಗಳ ಕೃತಿ 1944ರಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆದಿತ್ತು. ಹತ್ತು ವರ್ಷಗಳ ನಂತರ, 1954ರಲ್ಲಿ, ಆಂಡರ್ಸನ್ ಅವರ ಮೊದಲ ಪುಸ್ತಕ ‘ನೈನ್ ಮ್ಯಾನ್-ಈಟರ್ಸ್ ಅಂಡ್ ಒನ್ ರೋಗ್’ ಹೊರಬಂತು. 1957ರಲ್ಲಿ ಎರಡನೆಯದು, 1959ರಲ್ಲಿ ಶಿವನಿಪಳ್ಳಿಯ ಕರಿಚಿರತೆಯ ಕಥೆಯುಳ್ಳ ಮೂರನೆಯದು. ಮುಂದೆಯೂ ಒಂದರ ಹಿಂದೊಂದು ಕೃತಿಗಳು ಬಂದವು. ಉತ್ತರದ ಬೆಟ್ಟಗಳಿಗೆ ಕಾರ್ಬೆಟ್ ಇದ್ದಂತೆ ದಕ್ಷಿಣದ ಕಾಡುಗಳಿಗೆ ಆಂಡರ್ಸನ್ ಎಂಬ ಹೋಲಿಕೆ ಆಗಲೇ ಹುಟ್ಟಿಕೊಂಡಿತು.

ಹೋಲಿಕೆಗೆ ಮಿತಿಯೂ ಇದೆ. ಕಾರ್ಬೆಟ್ ಮಿತಭಾಷಿ, ಆಂಡರ್ಸನ್ ಕಥೆಗಾರ. ಅವರ ಬರಹದಲ್ಲಿ ಹಳ್ಳಿಯ ದೆವ್ವ, ಮಂತ್ರವಾದಿ, ಕಳ್ಳಬೇಟೆಗಾರ, ಪ್ರಯಾಣಿಕರ ಬಂಗಲೆಯ ಅಡುಗೆಯವ ಎಲ್ಲರಿಗೂ ಜಾಗವುಂಟು. ಅನೇಕ ಘಟನೆಗಳಿಗೆ ಅವರೊಬ್ಬರೇ ಸಾಕ್ಷಿಯಾದ್ದರಿಂದ ಕೆಲವು ಕಡೆ ಉಪ್ಪುಖಾರ ಬೆರೆತಿದೆಯೆಂದು ಶಂಕಿಸುವ ಓದುಗರಿದ್ದಾರೆ. ಆ ಶಂಕೆಯನ್ನು ಪೂರ್ತಿಯಾಗಿ ಅಲ್ಲಗಳೆಯುವುದೂ ಸಾಧ್ಯವಿಲ್ಲ, ಅದರಿಂದ ಅವರ ಕಾಡಿನ ಅರಿವನ್ನು ತಳ್ಳಿಹಾಕುವುದೂ ನ್ಯಾಯವಲ್ಲ. ಊರುಗಳು ನಿಜ, ದಾರಿಗಳು ನಿಜ, ಮರಗಿಡ ಪ್ರಾಣಿಪಕ್ಷಿಗಳ ವಿವರ ನಿಜ.

ಇಳಿವಯಸ್ಸಿನಲ್ಲಿ ಅವರ ಒಲವು ಬಂದೂಕಿನಿಂದ ಕ್ಯಾಮೆರಾದತ್ತ ಹೊರಳಿತು. ಕಾಡು ಕರಗುತ್ತಿರುವುದನ್ನು, ಜೀಪಿನ ದೀಪದ ಬೆಳಕಿನಲ್ಲಿ ಕಂಡದ್ದನ್ನೆಲ್ಲ ಹೊಡೆಯುವವರು ಹೆಚ್ಚುತ್ತಿರುವುದನ್ನು ಅವರು ನೋವಿನಿಂದ ಬರೆದರು. ದಕ್ಷಿಣದಲ್ಲಿ ವನ್ಯಜೀವಿ ರಕ್ಷಣೆಯ ಪರವಾಗಿ ಮೊದಮೊದಲು ದನಿಯೆತ್ತಿದವರಲ್ಲಿ ಅವರೂ ಒಬ್ಬರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆ ಆರಂಭವಾಗಿ ನಮ್ಮ ಬಂಡೀಪುರ ಅದರ ಮೊದಲ ಒಂಬತ್ತು ಅರಣ್ಯಗಳಲ್ಲಿ ಒಂದಾಯಿತು. ಬೇಟೆಯ ಯುಗಕ್ಕೆ ಕಾನೂನಿನ ತೆರೆ ಬಿತ್ತು. ಅದರ ಬೆನ್ನಿಗೇ, 1974ರ ಆಗಸ್ಟ್ 30ರಂದು, ಆಂಡರ್ಸನ್ ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 64 ವರ್ಷ. ಅವರ ಇನ್ನೊಂದು ಪುಸ್ತಕ 1976ರಲ್ಲಿ ಮರಣೋತ್ತರವಾಗಿ ಬೆಳಕು ಕಂಡಿತು. ತಂದೆಯ ಹಾದಿಯಲ್ಲೇ ಕಾಡು ಸುತ್ತಿದ ಮಗ ಡೊನಾಲ್ಡ್ ಆಂಡರ್ಸನ್ 2014ರಲ್ಲಿ ನಿಧನರಾದರು.

ಮರುಲೇಪದ ಮೋಹ

ಆಂಡರ್ಸನ್ ಅವರ ಕೀರ್ತಿಯಿಂದಾಗಿ ಲಿವರ್ ಬಂದೂಕುಗಳ ಬಗೆಗಿನ ಕುತೂಹಲ ಇಂದಿಗೂ ಇದೆ. ಹಳೆಯ ಮಾದರಿಯನ್ನೇ ಅನುಸರಿಸಿ ಜಪಾನಿನ ಮಿರೋಕು ಕಾರ್ಖಾನೆಯಲ್ಲಿ ತಯಾರಾದ 1895ರ ಬಂದೂಕುಗಳು ಈ ಶತಮಾನದ ಆರಂಭದಲ್ಲಿ .405 ತೋಟಾಕ್ಕೂ ಬಂದವು. ಆದರೆ ಹಳೆಯ ನ್ಯೂಹೇವನ್ ಬಂದೂಕುಗಳಿಗೆ ಸಂಗ್ರಾಹಕರು ಕೊಡುವ ಬೆಲೆಯೇ ಬೇರೆ. ಆ ಬೆಲೆಯನ್ನು ನಿರ್ಧರಿಸುವ ಮೊದಲ ಅಂಶ ಉಳಿದಿರುವ ಮೂಲ ನೀಲಿ. ಅಂಚುಗಳಲ್ಲಿ ಸವೆದು, ಕೈ ಹಿಡಿದ ಜಾಗದಲ್ಲಿ ಬೂದಿಯಾಗಿ, ಸಂದುಗಳಲ್ಲಿ ಮಾತ್ರ ಹಳೆಯ ಗಾಢತನ ಉಳಿದಿರುವ ಬಂದೂಕಿಗೆ, ಥಳಥಳಿಸುವ ಮರುಲೇಪದ ಬಂದೂಕಿಗಿಂತ ಹೆಚ್ಚು ಮರ್ಯಾದೆ.

ಇದಕ್ಕೆ ಕಾರಣ ಸರಳ. ಮರುಲೇಪಕ್ಕೆ ಮುನ್ನ ಹಳೆಯ ಉಕ್ಕನ್ನು ಉಜ್ಜಿ ನುಣುಪು ಮಾಡಲೇಬೇಕು. ಉಜ್ಜಿದಾಗ ಚೂಪು ಅಂಚುಗಳು ಮೊಂಡಾಗುತ್ತವೆ, ನಳಿಗೆಯ ಮೇಲಿನ ಅಕ್ಷರ ಅಂಕಿಗಳು ಸವೆಯುತ್ತವೆ, ತಿರುಪುಗಳ ಸುತ್ತ ತಗ್ಗು ಬೀಳುತ್ತದೆ. ತುಕ್ಕಿನ ಜೊತೆಗೆ ಇತಿಹಾಸವೂ ಹೊರಟುಹೋಗುತ್ತದೆ. ಎರಡು ನಳಿಗೆಗಳನ್ನು ಬೆಸುಗೆಯಿಂದ ಕೂಡಿಸಿದ ಜೋಡುನಳಿಗೆ ಕೋವಿಯನ್ನು ಬಿಸಿ ಲವಣದ ತೊಟ್ಟಿಗಿಳಿಸಿದರೆ ಬೆಸುಗೆಯನ್ನೇ ಅದು ತಿಂದುಹಾಕುವ ಅಪಾಯವೂ ಇದೆ. ಅದಕ್ಕೆಂದೇ ಅಂಥವಕ್ಕೆ ಈಗಲೂ ಹಳೆಯ ನಿಧಾನದ ಕ್ರಮವೇ ಗತಿ.

ಉತ್ತರ ಕರ್ನಾಟಕದ ವಾಡೆಗಳಲ್ಲಿ, ಮಲೆನಾಡಿನ ತೋಟದ ಮನೆಗಳಲ್ಲಿ, ಕೊಡಗಿನ ಐನ್‌ಮನೆಗಳಲ್ಲಿ ಅಜ್ಜಂದಿರ ಕಾಲದ ಬಂದೂಕುಗಳು ಇಂದಿಗೂ ಲೈಸೆನ್ಸಿನೊಡನೆ ಅಥವಾ ಕಾನೂನಿನ ವಿನಾಯಿತಿಯೊಡನೆ ಉಳಿದಿವೆ. ಆಯುಧ ಪೂಜೆಯಂದು, ಕೊಡಗಿನಲ್ಲಿ ಕೈಲ್ ಮುಹೂರ್ತದಂದು ಅವು ಹೊರಬರುತ್ತವೆ. ಪೂಜೆಯ ನಂತರ ಒದ್ದೆ ಕುಂಕುಮ, ಹೂವಿನ ನೀರು ಉಕ್ಕಿನ ಮೇಲೆ ಹಾಗೆಯೇ ಒಣಗಲು ಬಿಟ್ಟರೆ ಮುಂದಿನ ವರ್ಷದ ಹೊತ್ತಿಗೆ ಅಲ್ಲೊಂದು ಕೆಂಪು ಕಲೆ ಖಚಿತ. ಅಂದೇ ಒರೆಸಿ ತೆಳುವಾಗಿ ಬಂದೂಕಿನ ಎಣ್ಣೆ ಸವರಬೇಕು. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡಬಾರದು. ಚರ್ಮ ತೇವ ಹಿಡಿಯುತ್ತದೆ. ಹೊಳಪು ಮಾಸಿತೆಂದು ಉಪ್ಪುಕಾಗದ ಹಿಡಿದು ಕೂರುವುದಂತೂ ಸಲ್ಲದು.

ಕಾರ್ಬೆಟ್ ಅವರಿಗೆ 1907ರಲ್ಲಿ ಉಡುಗೊರೆಯಾಗಿ ಬಂದ .275 ರಿಗ್ಬಿ ಬಂದೂಕು 2015ರಲ್ಲಿ ಅದನ್ನು ತಯಾರಿಸಿದ ಸಂಸ್ಥೆಗೇ ಮರಳಿತು. ಅದನ್ನು ಹೊಸದರಂತೆ ಮಾಡಿ ಇಡಬೇಕೆಂದು ಇತಿಹಾಸಪ್ರಿಯರು ಯಾರೂ ಬಯಸಲಾರರು. ಅದರ ಸವೆತವೇ ಅದರ ಸಾಕ್ಷ್ಯ.

ವ್ಯಕ್ತಿಗಳ ವಿಷಯದಲ್ಲಿಯೂ ಈ ಎಚ್ಚರ ಬೇಕು. ಆಂಡರ್ಸನ್ ಅವರನ್ನು ತಪ್ಪೇ ಮಾಡದ ವೀರನೆಂದು ಥಳಥಳಿಸುವಂತೆ ಮರುಲೇಪ ಮಾಡುವವರಿದ್ದಾರೆ. ಪ್ರಾಣಿಗಳನ್ನು ಕೊಂದವರು ಎಂಬ ಒಂದೇ ಕಾರಣಕ್ಕೆ ಅವರ ಹೆಸರಿಗೆ ತುಕ್ಕು ಹಿಡಿಯಲೆಂದು ಬಿಡುವವರೂ ಇದ್ದಾರೆ. ಮೊದಲ ಬಗೆಯವರು ಅವರ ಕಾಲದ ಅಸಮಾನತೆಯನ್ನು ಅಳಿಸುತ್ತಾರೆ: ಒಬ್ಬರ ಕೈಯಲ್ಲಿ ವಿಂಚೆಸ್ಟರ್, ಇನ್ನೊಬ್ಬರ ಕೈಯಲ್ಲಿ ಕೇಪಿನ ಕೋವಿ ಇದ್ದುದನ್ನು. ಎರಡನೆಯವರು ಗುಮ್ಮಳಾಪುರದ 42 ಮನೆಗಳ ದುಃಖವನ್ನು ಮರೆಯುತ್ತಾರೆ.

ತೇಜಸ್ವಿ ಅವರು ಆಂಡರ್ಸನ್ ಕಥೆಗಳನ್ನು ಕನ್ನಡಕ್ಕೆ ತಂದ ಬಗೆ ಇವೆರಡಕ್ಕಿಂತ ಭಿನ್ನ. ಅವರು ಅಕ್ಷರಶಃ ಅನುವಾದಕ್ಕೆ ಹೋಗದೆ ಭಾವಾನುವಾದ ಮಾಡಿದರು. ಶಿಕಾರಿಯಷ್ಟೇ ಮುಖ್ಯವಾಗಿ ಕಾಡನ್ನೂ ಹಳ್ಳಿಗರನ್ನೂ ಮುಂದೆ ತಂದರು. ಓದಿದವರಲ್ಲಿ ಬಂದೂಕಿನ ಆಸೆಗಿಂತ ಕಾಡು ನೋಡುವ ಆಸೆ ಹುಟ್ಟಿತು. ಧಾರವಾಡದಿಂದ ಬೆಳಗಿನ ಬಸ್ಸು ಹತ್ತಿ ದಾಂಡೇಲಿಯ ಕಾಡಿಗೆ ಕ್ಯಾಮೆರಾ ಹಿಡಿದು ಹೋಗುವವರ ಚೀಲದಲ್ಲಿ ಆ ಪುಸ್ತಕಗಳು ಇದ್ದರೆ ಅಚ್ಚರಿಯಿಲ್ಲ. ಒಂದು ಕಾಲಕ್ಕೆ ಬೇಟೆಯ ತಾಣವಾಗಿದ್ದ ಆ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಿಂದ ಕಾಳಿ ಹೆಸರಿನಲ್ಲಿದೆ.

ಬಂದೂಕಿನ ನೀಲಿ ಒಂದು ಹದವರಿತ ತುಕ್ಕು ಎಂಬುದನ್ನು ಮೇಲೆ ನೋಡಿದೆವು. ಅದು ಉಳಿಯುವುದು ಯಾರಾದರೂ ಪ್ರತಿಸಲ ಒರೆಸಿ ಇಟ್ಟಾಗ ಮಾತ್ರ. ಆಂಡರ್ಸನ್ ಅವರ ನೆನಪಿಗೂ ಬೇಕಿರುವುದು ಅಷ್ಟೇ: ಸವೆದಲ್ಲಿ ಸವೆದಂತೆ, ಉಳಿದಲ್ಲಿ ಉಳಿದಂತೆ ನೋಡುವ ಓದುಗರು.